ಕಣ್ಣೊಳಗಿನ ಚಿಪ್: ಯಾರಿಗೆ, ಎಷ್ಟು ದೃಷ್ಟಿ, ಎಷ್ಟು ಕಾಲ?

ಪ್ರಶ್ನೆ: ನನ್ನ ಅಣ್ಣನಿಗೆ 44 ವರ್ಷ. ಹದಿಹರೆಯದಲ್ಲೇ ಕತ್ತಲಲ್ಲಿ ಎಡವಲು ಶುರುವಾಗಿ, ಪರೀಕ್ಷೆ ಮಾಡಿಸಿದಾಗ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ, ದೃಷ್ಟಿ ಕ್ರಮೇಣ ಕುಗ್ಗುವ ವಂಶವಾಹಿ ಕಾಯಿಲೆ ಎಂದು ಗೊತ್ತಾಯಿತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ಅವನಿಗೆ ಈಗ ತಿಳಿಯುತ್ತದೆ. ನಮ್ಮ ತಾಯಿಗೆ 76 ವರ್ಷ. ವಯಸ್ಸಿನಿಂದ ಅವರ ಮ್ಯಾಕ್ಯುಲಾ, ಅಂದರೆ ನೇರ ನೋಟಕ್ಕೆ ಬೇಕಾದ ಅಕ್ಷಿಪಟಲದ ನಡುಭಾಗ, ಸವೆದಿದೆ. ಮನೆಯೊಳಗೆ ಓಡಾಡಬಲ್ಲರು, ಆದರೆ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಓದಲಾಗುವುದಿಲ್ಲ. ಕಣ್ಣೊಳಗೆ ಚಿಪ್ ಇಟ್ಟ ಮೇಲೆ ದೃಷ್ಟಿ ಹೋದವರು ಮತ್ತೆ ಓದಿದರು ಎಂಬ ಸುದ್ದಿ ನೋಡಿದೆ. ಇದು ಇವರಿಬ್ಬರಿಗೂ ಆಗುತ್ತದೆಯೇ? ಬರುವ ದೃಷ್ಟಿ ಎಂಥದ್ದು? ಒಮ್ಮೆ ಇಟ್ಟರೆ ಜೀವನಪೂರ್ತಿ ಇರುತ್ತದೆಯೇ?

ಉತ್ತರ: ನೀವು ನೋಡಿದ ಸುದ್ದಿ ನಿಜ. ಆದರೆ ಅದು ನಿಮ್ಮ ತಾಯಿಯವರಿಗೆ ಬಂದಿರುವಂಥ ಕಾಯಿಲೆಯ ಕುರಿತದ್ದು. ನಿಮ್ಮ ಅಣ್ಣನವರಿಗೆ ಬಂದಿರುವ ಕಾಯಿಲೆಗೆಂದೇ ದಶಕಕ್ಕೂ ಹಿಂದೆ ಮಾರುಕಟ್ಟೆಗೆ ಬಂದಿದ್ದ ಇಂಪ್ಲಾಂಟ್ ಈಗ ತಯಾರಾಗುತ್ತಿಲ್ಲ. ಎರಡನ್ನೂ ಕಣ್ಣಿನ ಚಿಪ್ ಎಂಬ ಒಂದೇ ಮಾತಿನಿಂದ ಕರೆಯುವುದರಿಂದ ಮನೆಯವರಲ್ಲಿ ಆಸೆಯೂ ಗೊಂದಲವೂ ಒಟ್ಟಿಗೆ ಹುಟ್ಟುತ್ತವೆ. ನಿಮ್ಮ ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಅದಕ್ಕೆ ಉತ್ತರಿಸುವ ಮೊದಲು ಈ ಸಾಧನಗಳು ಏನು ಮಾಡುತ್ತವೆ ಎಂಬುದನ್ನು ಹೇಳಬೇಕಾಗುತ್ತದೆ.

ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲವು ಒಂದೇ ಪದರವಲ್ಲ, ಹಲವು ಕೋಶಗಳ ಸಾಲುಗಳು ಒಂದರ ಮೇಲೊಂದು ಕೂತ ಅಂಗಾಂಶ. ಅದರ ಹೊರಸಾಲಿನಲ್ಲಿ ಬೆಳಕನ್ನು ಗ್ರಹಿಸುವ ಸುಮಾರು 12 ಕೋಟಿ ರಾಡ್ ಕೋಶಗಳೂ 60 ಲಕ್ಷದಷ್ಟು ಕೋನ್ ಕೋಶಗಳೂ ಇವೆ. ಅವು ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ ನಡುಸಾಲಿನ ಬೈಪೋಲಾರ್ ಕೋಶಗಳಿಗೆ ಕೊಡುತ್ತವೆ. ಅಲ್ಲಿಂದ ಆ ಸಂಕೇತ ಒಳಸಾಲಿನ ಗ್ಯಾಂಗ್ಲಿಯಾನ್ ಕೋಶಗಳಿಗೆ ಸೇರುತ್ತದೆ. ಹತ್ತು ಲಕ್ಷಕ್ಕಿಂತ ತುಸು ಹೆಚ್ಚಿರುವ ಈ ಗ್ಯಾಂಗ್ಲಿಯಾನ್ ಕೋಶಗಳ ತಂತುಗಳೇ ಒಟ್ಟುಗೂಡಿ ನೇತ್ರನರವಾಗಿ ಮಿದುಳಿಗೆ ಹೋಗುತ್ತವೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಾಗಲಿ, ಮ್ಯಾಕ್ಯುಲಾ ಸವೆಯುವ ಕಾಯಿಲೆಯಲ್ಲಾಗಲಿ ಸಾಯುವುದು ಮುಖ್ಯವಾಗಿ ಹೊರಸಾಲಿನ ಬೆಳಕು ಗ್ರಹಿಸುವ ಕೋಶಗಳು. ಒಳಗಿನ ಸಾಲುಗಳಲ್ಲಿ ಸಾಕಷ್ಟು ಕೋಶಗಳು, ಜೋಡಣೆ ಅಸ್ತವ್ಯಸ್ತವಾಗಿದ್ದರೂ, ವರ್ಷಗಟ್ಟಲೆ ಜೀವಂತವಾಗಿ ಉಳಿಯುತ್ತವೆ. ಹೊರಗಿನ ಸಾಲು ಮಾಡುತ್ತಿದ್ದ ಕೆಲಸವನ್ನು ಒಂದು ಯಂತ್ರ ವಹಿಸಿಕೊಂಡು, ಉಳಿದಿರುವ ಕೋಶಗಳನ್ನು ಸಣ್ಣ ವಿದ್ಯುತ್ತಿನಿಂದ ತಟ್ಟಿ ಎಬ್ಬಿಸಬಹುದೇ ಎಂಬುದೇ ಈ ಇಡೀ ವಿದ್ಯೆಯ ಮೂಲ ಪ್ರಶ್ನೆ. ಮುಚ್ಚಿದ ರೆಪ್ಪೆಯನ್ನು ಬೆರಳಿನಿಂದ ಒತ್ತಿದಾಗ ಹೊರಗೆ ಬೆಳಕಿಲ್ಲದಿದ್ದರೂ ಒಳಗೆ ಮಿಂಚಿದಂತಾಗುವುದು ನಿಮಗೂ ಅನುಭವವಿರಬಹುದು. ಅಕ್ಷಿಪಟಲದ ಕೋಶವನ್ನು ಯಾವುದೇ ರೀತಿಯಲ್ಲಿ ಕೆಣಕಿದರೂ ಮಿದುಳು ಅದನ್ನು ಬೆಳಕೆಂದೇ ಓದಿಕೊಳ್ಳುತ್ತದೆ. ಹಾಗೆ ಕಾಣುವ ಬೆಳಕಿನ ಚುಕ್ಕೆಗೆ ಫಾಸ್ಫೀನ್ ಎಂದು ಹೆಸರು; ಇಂಪ್ಲಾಂಟ್ ಕೊಡುವ ದೃಷ್ಟಿಯೆಲ್ಲ ಇಂಥ ಚುಕ್ಕೆಗಳನ್ನು ಹೆಣೆದು ಮಾಡಿದ್ದು.

ಇದರಿಂದಲೇ ಯಾರಿಗೆ ಇದು ಆಗುವುದಿಲ್ಲ ಎಂಬುದೂ ತಿಳಿಯುತ್ತದೆ. ಗ್ಲಾಕೋಮಾದಲ್ಲಿ ಸಾಯುವುದು ಗ್ಯಾಂಗ್ಲಿಯಾನ್ ಕೋಶಗಳೇ ಆದ್ದರಿಂದ ಅಲ್ಲಿ ತಟ್ಟಿ ಎಬ್ಬಿಸಲು ಯಾರೂ ಉಳಿದಿರುವುದಿಲ್ಲ. ನೇತ್ರನರಕ್ಕೆ ಪೆಟ್ಟು ಬಿದ್ದವರಿಗೂ ಅಕ್ಷಿಪಟಲದ ಚಿಪ್‌ನಿಂದ ಪ್ರಯೋಜನವಿಲ್ಲ. ಹುಟ್ಟಿನಿಂದಲೇ ಏನೂ ಕಾಣದವರ ಮಿದುಳು ರೂಪಗಳನ್ನು ಗುರುತಿಸುವ ಪಾಠವನ್ನೇ ಕಲಿತಿರುವುದಿಲ್ಲವಾದ್ದರಿಂದ ಅವರನ್ನೂ ಈ ಪ್ರಯೋಗಗಳಿಗೆ ಸೇರಿಸಿಕೊಳ್ಳಲಿಲ್ಲ.

ಅಣ್ಣನವರ ವಿಷಯಕ್ಕೆ ಬರುತ್ತೇನೆ. ಕಣ್ಣಿನ ಹಿಂದೆ ಬೆಳಕಿಗೆ ಸ್ಪಂದಿಸುವ ತುಣುಕೊಂದನ್ನು ಇಡುವ ಯತ್ನ 1956ರಷ್ಟು ಹಳೆಯದು. ಆಸ್ಟ್ರೇಲಿಯಾದ ಗ್ರಹಾಂ ಟಾಸಿಕರ್ ಎಂಬುವರು ಸೆಲೆನಿಯಮ್ ಕೋಶವೊಂದನ್ನು ರೋಗಿಯ ಅಕ್ಷಿಪಟಲದ ಹಿಂದೆ ಇಟ್ಟಿದ್ದರು. ಆದರೆ ದಿನಬಳಕೆಗೆ ಅನುಮತಿ ಪಡೆದ ಮೊದಲ ಅಕ್ಷಿಪಟಲದ ಇಂಪ್ಲಾಂಟ್ ಎಂದರೆ ಆರ್ಗಸ್ 2. ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ ತಯಾರಿಸಿದ, ಮಾರ್ಕ್ ಹುಮಾಯುನ್ ಮೊದಲಾದವರ ವರ್ಷಗಳ ಶ್ರಮದಿಂದ ರೂಪುಗೊಂಡ ಈ ಸಾಧನಕ್ಕೆ ಯುರೋಪಿನಲ್ಲಿ 2011ರಲ್ಲೂ ಅಮೆರಿಕದಲ್ಲಿ 2013ರ ಫೆಬ್ರವರಿಯಲ್ಲೂ ಅನುಮತಿ ದೊರೆಯಿತು. ನಿಮ್ಮ ಅಣ್ಣನವರಂತೆ ಬೆಳಕಿನ ಸುಳಿವಷ್ಟೇ ಉಳಿದ, ಅಥವಾ ಅದೂ ಉಳಿಯದ ರೋಗಿಗಳಿಗೆಂದೇ ಅದನ್ನು ಮಾಡಿದ್ದು. ಕನ್ನಡಕದ ನಡುವೆ ಒಂದು ಪುಟ್ಟ ಕ್ಯಾಮೆರಾ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಸಂಸ್ಕರಣ ಪೆಟ್ಟಿಗೆ, ಕಣ್ಣುಗುಡ್ಡೆಯ ಸುತ್ತ ಕಟ್ಟಿದ ಪಟ್ಟಿಯಲ್ಲಿ ವಿದ್ಯುನ್ಮಾನ ಭಾಗ, ಅಕ್ಷಿಪಟಲದ ಒಳಮುಖಕ್ಕೆ ಸಣ್ಣ ಮೊಳೆಯಿಂದ ಬಿಗಿದ, ವಿದ್ಯುತ್ ಹಾಯಿಸುವ 60 ಎಲೆಕ್ಟ್ರೋಡುಗಳ ಹಾಳೆ: ಇಷ್ಟು ಅದರ ಅಂಗಗಳು.

ಅರವತ್ತು ಚುಕ್ಕೆಗಳಲ್ಲಿ ಏನು ಕಾಣಬಹುದು? ಬಾಗಿಲು ಇರುವ ಕಡೆ, ಕಿಟಕಿಯ ಬೆಳಕು, ಕಪ್ಪು ನೆಲದ ಮೇಲಿನ ಬಿಳಿ ಗೆರೆ, ಎದುರಿಗೆ ಯಾರೋ ಹಾದುಹೋದದ್ದು. ಮುಖವಲ್ಲ, ಬಣ್ಣವಲ್ಲ. ಪ್ರಯೋಗದಲ್ಲಿ ದಾಖಲಾದ ಅತ್ಯುತ್ತಮ ದೃಷ್ಟಿ 20/1260ರ ಸುಮಾರಿನದು. ಅಂದರೆ ಒಳ್ಳೆಯ ಕಣ್ಣು 1260 ಅಡಿ ದೂರದಿಂದ ಗುರುತಿಸುವ ಅಕ್ಷರವನ್ನು ಇವರು 20 ಅಡಿಯಿಂದ ಗುರುತಿಸಿದರು. ಅದೂ ಎಲ್ಲರಿಗಲ್ಲ. ಮೊದಲ ಪ್ರಯೋಗದ 30 ಮಂದಿಯನ್ನು ಐದು ವರ್ಷ ಗಮನಿಸಿದಾಗ, ಅವರಲ್ಲಿ 12 ಮಂದಿಗೆ ಶಸ್ತ್ರಚಿಕಿತ್ಸೆಯಿಂದಲೋ ಸಾಧನದಿಂದಲೋ ಗಂಭೀರ ತೊಂದರೆಗಳಾಗಿದ್ದವು. ಕಣ್ಣಿನ ಮೇಲ್ಪೊರೆ ಸವೆದು ಸಾಧನ ಹೊರಗೆ ಕಾಣಿಸುವುದು, ಕಣ್ಣಿನ ಒತ್ತಡ ಇಳಿಯುವುದು, ಒಳಗೆ ಸೋಂಕಾಗುವುದು ಅವುಗಳಲ್ಲಿ ಸೇರಿವೆ. ಹಾಗಿದ್ದರೂ ಹಲವರು ಅದನ್ನು ಪ್ರೀತಿಯಿಂದ ಬಳಸಿದರು ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪೂರ್ಣ ಕತ್ತಲಲ್ಲಿ ವರ್ಷಗಳನ್ನು ಕಳೆದವರಿಗೆ ಬಾಗಿಲು ಎಲ್ಲಿದೆ ಎಂದು ತಾನೇ ಕಂಡುಕೊಳ್ಳುವುದು ಸಣ್ಣ ಸಂಗತಿಯಲ್ಲ.

ಎಲೆಕ್ಟ್ರೋಡುಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಚಿತ್ರ ತಾನಾಗಿಯೇ ಸ್ಪಷ್ಟವಾಗುತ್ತದೆ ಎಂದು ಫೋನಿನ ಕ್ಯಾಮೆರಾ ನೋಡಿ ಅಭ್ಯಾಸವಾದ ನಮಗೆ ಅನ್ನಿಸುತ್ತದೆ. ಕಣ್ಣಿನಲ್ಲಿ ಹಾಗಾಗುವುದಿಲ್ಲ. ಅಕ್ಷಿಪಟಲದ ಒಳಮುಖದಲ್ಲಿ ಗ್ಯಾಂಗ್ಲಿಯಾನ್ ಕೋಶಗಳ ತಂತುಗಳು ನೇತ್ರನರದ ಕಡೆಗೆ ಹರಿಯುತ್ತಿರುತ್ತವೆ. ಅಲ್ಲಿಟ್ಟ ಎಲೆಕ್ಟ್ರೋಡು ತನ್ನ ಕೆಳಗಿನ ಕೋಶವನ್ನಷ್ಟೇ ಅಲ್ಲದೆ ಎಲ್ಲಿಂದಲೋ ಬಂದು ಹಾದುಹೋಗುವ ತಂತುಗಳನ್ನೂ ಕೆರಳಿಸುತ್ತದೆ. ಆಗ ರೋಗಿಗೆ ಚುಕ್ಕೆಯ ಬದಲು ಎಳೆದ ಗೆರೆಯೋ ಬಾಗಿದ ಪಟ್ಟಿಯೋ ಕಾಣಿಸುತ್ತದೆ. ಪಕ್ಕಪಕ್ಕದ ಎಲೆಕ್ಟ್ರೋಡುಗಳ ವಿದ್ಯುತ್ತು ಒಂದರೊಳಗೊಂದು ಹರಡಿ ಚುಕ್ಕೆಗಳು ಬೆರೆತುಹೋಗುವುದುಂಟು. ಬೆಳಕು ಹೆಚ್ಚಾದಾಗ ಎಚ್ಚರಗೊಳ್ಳುವ ಕೋಶಗಳೂ ಬೆಳಕು ಕಡಿಮೆಯಾದಾಗ ಎಚ್ಚರಗೊಳ್ಳುವ ಕೋಶಗಳೂ ಅಕ್ಕಪಕ್ಕದಲ್ಲಿರುತ್ತವೆ. ವಿದ್ಯುತ್ತು ಇವೆರಡನ್ನೂ ಒಟ್ಟಿಗೆ ಎಬ್ಬಿಸಿದರೆ ಮಿದುಳಿಗೆ ಹೋಗುವ ಸಂದೇಶ ಸಹಜವಾದದ್ದಾಗಿರುವುದಿಲ್ಲ. ಇವೆಲ್ಲದರ ಜೊತೆಗೆ, ಕ್ಯಾಮೆರಾ ಕನ್ನಡಕದಲ್ಲಿ ಇರುವುದರಿಂದ ಕಣ್ಣು ಹೊರಳಿಸಿದರೆ ನೋಟ ಹೊರಳುವುದಿಲ್ಲ, ತಲೆಯನ್ನೇ ತಿರುಗಿಸಬೇಕು. ಒಂದೇ ಕಡೆ ದಿಟ್ಟಿಸಿದರೆ ಚಿತ್ರ ಕ್ಷಣಗಳಲ್ಲಿ ಮಾಸುತ್ತದೆ. ಹಾಗಾಗಿ ಸಾಧನ ಇಟ್ಟ ಮೇಲೆ ನೋಡುವುದನ್ನು ಹೊಸದಾಗಿ ಕಲಿಯಲು ತಿಂಗಳುಗಳ ತರಬೇತಿ ಬೇಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆಗಳು ಸಾಕು. ಆ ಗಂಟೆಗಳ ಬಗ್ಗೆ ಬರುವ ಸುದ್ದಿಗಳಲ್ಲಿ ಈ ತಿಂಗಳುಗಳ ಮಾತು ಬರದಿರುವುದು ನನಗೆ ಬೇಸರದ ವಿಷಯ.

ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಎಬರ್‌ಹಾರ್ಟ್ ಜ್ರೆನ್ನರ್ ಅವರ ತಂಡ ಬೇರೆ ದಾರಿ ಹಿಡಿಯಿತು. ಅವರ ಆಲ್ಫಾ ಐಎಂಎಸ್ ಚಿಪ್‌ನಲ್ಲಿ 1500 ಬೆಳಕು ಗ್ರಾಹಕಗಳಿದ್ದು, ಅದನ್ನು ಅಕ್ಷಿಪಟಲದ ಅಡಿಯಲ್ಲಿ, ಸತ್ತ ಕೋಶಗಳಿದ್ದ ಜಾಗದಲ್ಲೇ ಇಡುತ್ತಿದ್ದರು; ಕ್ಯಾಮೆರಾ ಬೇಕಿರಲಿಲ್ಲ, ಕಣ್ಣಿನ ಹೊರಳಾಟ ಸಹಜವಾಗಿಯೇ ಕೆಲಸ ಮಾಡುತ್ತಿತ್ತು. ದೃಷ್ಟಿ 20/546ರವರೆಗೆ ತಲುಪಿತು. ಆದರೆ ಕಣ್ಣಿನಿಂದ ಕಿವಿಯ ಹಿಂಬದಿಯವರೆಗೆ ಚರ್ಮದಡಿಯಲ್ಲಿ ತಂತಿ ಎಳೆಯಬೇಕಿತ್ತು. 2013ರಲ್ಲಿ ಯುರೋಪಿನ ಅನುಮತಿ ಪಡೆದಿದ್ದ ಆ ಸಾಧನದ ಕಂಪನಿ 2019ರಲ್ಲಿ ಬಾಗಿಲು ಮುಚ್ಚಿತು.

ನಿಮ್ಮ ತಾಯಿಯವರ ಕಾಯಿಲೆಗೆ ಸಂಬಂಧಿಸಿದ ಸಾಧನದ ಹೆಸರು ಪ್ರೈಮಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಪಲಂಕರ್ ಅವರ ಕಲ್ಪನೆಯಿಂದ ಹುಟ್ಟಿದ ಇದು ನನಗೆ ತಿಳಿದ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಜಾಣತನದ ವಿನ್ಯಾಸ. ಚಿಪ್‌ನ ಅಗಲ 2 ಮಿಲಿಮೀಟರ್, ಉದ್ದವೂ ಅಷ್ಟೇ. ದಪ್ಪ 30 ಮೈಕ್ರಾನ್, ತಲೆಗೂದಲಿನ ಎಳೆಗಿಂತ ತೆಳು. ಅದರಲ್ಲಿ 378 ಬಿಂದುಗಳಿದ್ದು, ಒಂದೊಂದೂ ಸಣ್ಣ ಸೌರಫಲಕದಂತೆ ವರ್ತಿಸುತ್ತದೆ. ಕನ್ನಡಕದ ಕ್ಯಾಮೆರಾ ಸೆರೆಹಿಡಿದ ದೃಶ್ಯವನ್ನು ಜೇಬಿನಲ್ಲಿಡುವ ಸಾಧನವೊಂದು ಸಂಸ್ಕರಿಸಿ, ಕನ್ನಡಕದಿಂದಲೇ ಅವಗೆಂಪು ಬೆಳಕಿನ ಚಿತ್ರವಾಗಿ ಕಣ್ಣೊಳಗೆ ಬಿಡುತ್ತದೆ. ಆ ಬೆಳಕೇ ಚಿಪ್‌ಗೆ ಚಿತ್ರವೂ ಹೌದು, ಶಕ್ತಿಯೂ ಹೌದು. ತಂತಿಯಿಲ್ಲ, ಬ್ಯಾಟರಿಯಿಲ್ಲ. ಅವಗೆಂಪು ಬೆಳಕು ಉಳಿದ ಸಹಜ ಕೋಶಗಳಿಗೆ ಕಾಣುವುದಿಲ್ಲವಾದ್ದರಿಂದ, ರೋಗಿಯು ಅಂಚಿನಲ್ಲಿ ತನ್ನ ಸಹಜ ದೃಷ್ಟಿಯಿಂದಲೂ ನಡುವೆ ಚಿಪ್‌ನಿಂದಲೂ ಒಟ್ಟಿಗೆ ನೋಡಬಹುದು. ಮ್ಯಾಕ್ಯುಲಾ ಸವೆದವರಿಗೆ ಇದರಿಂದಾಗುವ ಅನುಕೂಲ ದೊಡ್ಡದು, ಏಕೆಂದರೆ ಅವರ ಅಂಚಿನ ದೃಷ್ಟಿ ಚೆನ್ನಾಗಿಯೇ ಇರುತ್ತದೆ.

ಯುರೋಪಿನ ಐದು ದೇಶಗಳ 17 ಕೇಂದ್ರಗಳಲ್ಲಿ 38 ಮಂದಿಗೆ ಈ ಚಿಪ್ ಇಟ್ಟು ನಡೆಸಿದ ಅಧ್ಯಯನದ ಫಲಿತಾಂಶ 2025ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ನೀವು ನೋಡಿದ ಸುದ್ದಿ ಬಹುಶಃ ಅದರಿಂದಲೇ ಬಂದದ್ದು. ಒಂದು ವರ್ಷದ ನಂತರ ಪರೀಕ್ಷೆಗೆ ಸಿಕ್ಕ 32 ಮಂದಿಯಲ್ಲಿ 26 ಮಂದಿಗೆ ಗಣನೀಯ ಸುಧಾರಣೆ ಕಂಡಿತ್ತು. ಸರಾಸರಿಯಲ್ಲಿ ದೃಷ್ಟಿಫಲಕದ 25 ಅಕ್ಷರಗಳಷ್ಟು, ಅಂದರೆ ಸುಮಾರು ಐದು ಸಾಲುಗಳಷ್ಟು ಹೆಚ್ಚು ಓದಿದರು. ಅವರಲ್ಲಿ 27 ಮಂದಿ ಮನೆಯಲ್ಲಿ ಅಕ್ಷರ, ಅಂಕಿ ಅಥವಾ ಪದಗಳನ್ನು ಓದಲು ಸಾಧನವನ್ನು ಬಳಸುತ್ತಿರುವುದಾಗಿ ಹೇಳಿದರು. ಸವೆದುಹೋದ ಮ್ಯಾಕ್ಯುಲಾದ ಜಾಗದಲ್ಲಿ ರೂಪವನ್ನು ಗುರುತಿಸುವ ನೋಟ ಮರಳಿ ಬಂದದ್ದು ನಿಜವಾಗಿಯೂ ಹೊಸದು, ಮತ್ತು ಅದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು.

ಆ ಸಂತೋಷದ ಜೊತೆಗೇ ಕೆಲವು ವಿವರಗಳು ನಿಮಗೆ ತಿಳಿದಿರಬೇಕು. ಈ ಚಿಪ್‌ನ ಬಿಂದುಗಳ ಅಳತೆಗೆ ದೊರೆಯಬಹುದಾದ ದೃಷ್ಟಿಯ ಮಿತಿ ಸುಮಾರು 20/420. ಅದಕ್ಕಿಂತ ಸಣ್ಣ ಅಕ್ಷರಗಳನ್ನು ಅವರು ಓದಿದ್ದು ಕನ್ನಡಕದ ಕ್ಯಾಮೆರಾ ಅಕ್ಷರವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸಿದ್ದರಿಂದ. ಚಿಪ್ ಆವರಿಸುವ ನೋಟದ ಹರವು ಏಳು ಡಿಗ್ರಿಯಷ್ಟೂ ಇಲ್ಲ, ಹಿಗ್ಗಿಸಿದಷ್ಟೂ ಒಮ್ಮೆಗೆ ಕಾಣುವ ಅಕ್ಷರಗಳು ಕಡಿಮೆಯಾಗುತ್ತವೆ. ಹೀಗಾಗಿ ಓದುವುದೆಂದರೆ ಇಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ, ದಣಿವಾಗುವಷ್ಟು ಏಕಾಗ್ರತೆಯಿಂದ ಮಾಡುವ ಕೆಲಸ; ಕಾಣುವುದೂ ಬಣ್ಣವಿಲ್ಲದ ನೋಟ. ಮೊಮ್ಮಕ್ಕಳ ಮುಖವನ್ನು ಮೊದಲಿನಂತೆ ನೋಡುತ್ತೇನೆ ಎಂದುಕೊಂಡು ಶಸ್ತ್ರಚಿಕಿತ್ಸೆಗೆ ಹೋದವರಿಗೆ ನಿರಾಸೆಯಾಗುತ್ತದೆ. 19 ಮಂದಿಗೆ ಒಟ್ಟು 26 ಗಂಭೀರ ತೊಂದರೆಗಳಾದವು. ಅವುಗಳಲ್ಲಿ ಬಹುಪಾಲು ಮೊದಲ ಎರಡು ತಿಂಗಳಲ್ಲೇ ಬಂದು, ಬಂದವುಗಳಲ್ಲಿ ಹೆಚ್ಚಿನವು ಮುಂದಿನ ಎರಡು ತಿಂಗಳಲ್ಲಿ ವಾಸಿಯಾದವು ಎಂಬುದು ಸಮಾಧಾನದ ಸಂಗತಿ. ಇರುವ ಅಂಚಿನ ದೃಷ್ಟಿ ಸರಾಸರಿಯಲ್ಲಿ ಕುಗ್ಗಲಿಲ್ಲ ಎಂಬುದೂ ಅಷ್ಟೇ ಮುಖ್ಯ.

ನಿಮ್ಮ ತಾಯಿಯವರಿಗೆ ಇದು ಹೊಂದುತ್ತದೆಯೇ ಎಂದು ಪತ್ರದಿಂದ ಹೇಳಲು ಬರುವುದಿಲ್ಲ, ಆದರೆ ಏನನ್ನು ನೋಡಬೇಕೆಂದು ಹೇಳಬಲ್ಲೆ. ಮ್ಯಾಕ್ಯುಲಾ ಸವೆತದಲ್ಲಿ ಕೋಶಗಳು ನಿಧಾನವಾಗಿ ನಶಿಸುವ ಒಣ ಬಗೆ, ಹೊಸ ರಕ್ತನಾಳಗಳು ಬೆಳೆದು ಸೋರುವ ಒದ್ದೆ ಬಗೆ ಎಂದು ಎರಡಿವೆ. ಪ್ರೈಮಾವನ್ನು ಪರೀಕ್ಷಿಸಿದ್ದು ಒಣ ಬಗೆಯ ಕೊನೆಯ ಹಂತವಾದ ಜಿಯೊಗ್ರಾಫಿಕ್ ಅಟ್ರೋಫಿಯಲ್ಲಿ, 60 ದಾಟಿದವರಲ್ಲಿ, ಅದೂ ದೃಷ್ಟಿ 20/320 ಅಥವಾ ಅದಕ್ಕಿಂತ ಕಡಿಮೆಯಾಗಿದ್ದವರಲ್ಲಿ. ತಾಯಿಯವರ ದೃಷ್ಟಿ ಅದಕ್ಕಿಂತ ಚೆನ್ನಾಗಿದ್ದರೆ ಚಿಪ್‌ನಿಂದ ಗಳಿಸುವುದಕ್ಕಿಂತ ಕಳೆದುಕೊಳ್ಳುವ ಭಯವೇ ಹೆಚ್ಚು. ಹಿಗ್ಗಿಸಿ ತೋರಿಸುವ ವಿದ್ಯುನ್ಮಾನ ಪರದೆಗಳು, ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಫೋನುಗಳು ಅಂಥವರಿಗೆ ಯಾವ ಅಪಾಯವೂ ಇಲ್ಲದೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪೆಗ್ಸೆಟಾಕೊಪ್ಲಾನ್ ಮತ್ತು ಅವಾಸಿಂಕ್ಯಾಪ್ಟಾಡ್ ಪೆಗಾಲ್ ಎಂಬ ಎರಡು ಚುಚ್ಚುಮದ್ದುಗಳ ಬಗ್ಗೆಯೂ ನೀವು ಕೇಳಿರಬಹುದು. ಅವು ಸವೆತದ ವೇಗವನ್ನು ತಗ್ಗಿಸುತ್ತವೆಯೇ ಹೊರತು ಹೋದ ದೃಷ್ಟಿಯನ್ನು ತಂದುಕೊಡುವುದಿಲ್ಲ. ಇನ್ನು ಪ್ರೈಮಾ ಕೂಡ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಂತೆ ಎಲ್ಲ ಕಣ್ಣಾಸ್ಪತ್ರೆಗಳಲ್ಲಿ ದೊರೆಯುವ ಚಿಕಿತ್ಸೆಯಲ್ಲ.

ಅಣ್ಣನವರಿಗೆ ಇಂದು ನಾನು ಸೂಚಿಸುವುದು ಚಿಪ್ ಅಲ್ಲ, ವಂಶವಾಹಿ ಪರೀಕ್ಷೆ. ರೆಟಿನೈಟಿಸ್ ಪಿಗ್ಮೆಂಟೋಸಾ ಒಂದೇ ಕಾಯಿಲೆಯ ಹೆಸರಲ್ಲ. ಹತ್ತಾರು ಬೇರೆ ಬೇರೆ ವಂಶವಾಹಿಗಳ ದೋಷದಿಂದ ಹುಟ್ಟುವ ಒಂದು ಗುಂಪು. ಆ ಪೈಕಿ ಆರ್‌ಪಿಇ65 ಎಂಬ ವಂಶವಾಹಿಯ ದೋಷಕ್ಕೆ ಮಾತ್ರ 2017ರ ಡಿಸೆಂಬರಿನಲ್ಲಿ ಅನುಮತಿ ಪಡೆದ ಲಕ್ಸ್‌ಟರ್ನಾ ಎಂಬ ವಂಶವಾಹಿ ಚಿಕಿತ್ಸೆಯಿದೆ, ಅದಕ್ಕೂ ಜೀವಂತ ಕೋಶಗಳು ಸಾಕಷ್ಟು ಉಳಿದಿರಬೇಕು. ಬೆಳಕಿನ ಸುಳಿವಷ್ಟೇ ಉಳಿದವರಿಗೆ ಹೆಚ್ಚು ಭರವಸೆ ತೋರುತ್ತಿರುವುದು ಆಪ್ಟೊಜೆನೆಟಿಕ್ಸ್ ಎಂಬ ದಾರಿ: ಪಾಚಿಯಂಥ ಸೂಕ್ಷ್ಮಜೀವಿಗಳಲ್ಲಿರುವ ಬೆಳಕಿಗೆ ಸ್ಪಂದಿಸುವ ಪ್ರೋಟೀನಿನ ವಂಶವಾಹಿಯನ್ನು ಉಳಿದಿರುವ ಗ್ಯಾಂಗ್ಲಿಯಾನ್ ಕೋಶಗಳಿಗೆ ಸೇರಿಸಿ, ಆ ಕೋಶಗಳೇ ಬೆಳಕನ್ನು ಗ್ರಹಿಸುವಂತೆ ಮಾಡುವುದು. ಜೋಸೆ ಅಲೇನ್ ಸಾಹೆಲ್ ಮತ್ತು ಬೊಟೊಂಡ್ ರೋಸ್ಕಾ ಅವರ ತಂಡ 2021ರಲ್ಲಿ ವರದಿ ಮಾಡಿದ ಪ್ರಕಾರ, ಇದೇ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದ 58 ವರ್ಷದ ಒಬ್ಬರು ವಿಶೇಷ ಕನ್ನಡಕದ ನೆರವಿನಿಂದ ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿ, ಎಣಿಸಿ, ಕೈಯಿಂದ ಮುಟ್ಟಿದರು. ಇಂಥ ಪ್ರಯೋಗಗಳಿಗೆ ಸೇರುವ ಅವಕಾಶ ಬಂದಾಗ ಮೊದಲು ಕೇಳುವುದು ವಂಶವಾಹಿಯ ವರದಿಯನ್ನೇ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಆಕರಕೋಶಗಳನ್ನು (ಸ್ಟೆಮ್ ಸೆಲ್) ಕಣ್ಣಿಗೆ ಚುಚ್ಚಿ ದೃಷ್ಟಿ ತರಿಸುತ್ತೇವೆ ಎಂದು ಹಣ ಪಡೆಯುವವರ ಬಳಿ ದಯವಿಟ್ಟು ಹೋಗಬೇಡಿ. ಅಮೆರಿಕದಲ್ಲಿ ಮ್ಯಾಕ್ಯುಲಾ ಸವೆತವಿದ್ದ ಮೂವರು ಮಹಿಳೆಯರು, ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿಸಿಕೊಂಡು ಇದ್ದ ದೃಷ್ಟಿಯನ್ನೂ ಕಳೆದುಕೊಂಡ ವರದಿ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನಿಜವಾದ ಪ್ರಯೋಗಗಳಲ್ಲಿ ಎರಡೂ ಕಣ್ಣಿಗೆ ಒಂದೇ ದಿನ ಕೈ ಹಾಕುವುದಿಲ್ಲ, ರೋಗಿಯಿಂದ ಚಿಕಿತ್ಸೆಯ ಹಣವನ್ನೂ ಸಾಮಾನ್ಯವಾಗಿ ಪಡೆಯುವುದಿಲ್ಲ.

ಈಗ ಮೂರನೆಯ ಪ್ರಶ್ನೆ. ಚಿಪ್ ಜೀವನಪೂರ್ತಿ ಕಣ್ಣೊಳಗೆ ಇರಬಹುದು. ಅದು ಜೀವನಪೂರ್ತಿ ಕೆಲಸ ಮಾಡುತ್ತದೆಯೇ ಎಂಬುದು ಚಿಪ್ ಒಂದರಿಂದಲೇ ನಿರ್ಧಾರವಾಗುವುದಿಲ್ಲ. ಕನ್ನಡಕ ಮುರಿಯುತ್ತದೆ, ಸಂಸ್ಕರಣ ಪೆಟ್ಟಿಗೆ ಕೆಡುತ್ತದೆ, ತಂತ್ರಾಂಶ ಹಳೆಯದಾಗುತ್ತದೆ, ತರಬೇತಿ ಕೊಟ್ಟವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಆರ್ಗಸ್ 2 ಸಾಧನವನ್ನು ಜಗತ್ತಿನಲ್ಲಿ ಸುಮಾರು 350 ಮಂದಿ ಕಣ್ಣೊಳಗೆ ಇರಿಸಿಕೊಂಡಿದ್ದರು. 2019ರಲ್ಲಿ ಕಂಪನಿ ಅದನ್ನು ನಿಲ್ಲಿಸಿ ಮಿದುಳಿಗೆ ಇಡುವ ಮತ್ತೊಂದು ಸಾಧನದ ಕಡೆಗೆ ತಿರುಗಿತು. 2020ರಲ್ಲಿ ಹಣವಿಲ್ಲದೆ ಹೆಚ್ಚಿನ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು. 2022ರಲ್ಲಿ ಇನ್ನೊಂದು ಕಂಪನಿಯೊಡನೆ ವಿಲೀನವಾಯಿತು. ಬಿಡಿಭಾಗ ಸಿಗದೆ, ದುರಸ್ತಿ ಮಾಡುವವರಿಲ್ಲದೆ, ಸಾಧನ ಕೆಟ್ಟ ದಿನ ಮತ್ತೆ ಕತ್ತಲೆಗೆ ಮರಳಿದ ರೋಗಿಗಳ ಕಥೆ ಅದೇ ವರ್ಷದ ಫೆಬ್ರವರಿಯಲ್ಲಿ ಐಇಇಇ ಸ್ಪೆಕ್ಟ್ರಮ್ ನಿಯತಕಾಲಿಕದಲ್ಲಿ ಬಂದಾಗಲೇ ಬಹಳಷ್ಟು ವೈದ್ಯರಿಗೂ ಇದು ಗೊತ್ತಾದದ್ದು. ಪ್ರೈಮಾ ಕೂಡ ಈ ಅಪಾಯದ ಅಂಚನ್ನು ಮುಟ್ಟಿ ಬಂದಿದೆ: ಅದನ್ನು ರೂಪಿಸುತ್ತಿದ್ದ ಫ್ರಾನ್ಸಿನ ಪಿಕ್ಸಿಯಂ ವಿಷನ್ ದಿವಾಳಿಯಾಗಿ, 2024ರಲ್ಲಿ ಅಮೆರಿಕದ ಸೈನ್ಸ್ ಕಾರ್ಪೊರೇಷನ್ ಅದನ್ನು ಕೊಂಡುಕೊಂಡದ್ದರಿಂದ ಅಧ್ಯಯನ ಪೂರ್ಣವಾಯಿತು.

ಮಂಡಿಚಿಪ್ಪಿನ ಕಸಿಯಂತೆ ಒಮ್ಮೆ ಇಟ್ಟು ಮರೆತುಬಿಡುವ ವಸ್ತು ಇದಲ್ಲ. ಪ್ರತಿದಿನ ಯಾರದೋ ಬೆಂಬಲದಿಂದ ಬದುಕುವ ವ್ಯವಸ್ಥೆ. ಹಾಗಾಗಿ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕಂಪನಿ ಮುಚ್ಚಿದರೆ ಕನ್ನಡಕ ಮತ್ತು ಬಿಡಿಭಾಗಗಳನ್ನು ಒದಗಿಸುವವರು ಯಾರು? ಚಿಪ್ ಒಳಗಿದ್ದಾಗ ಎಂಆರ್‌ಐ ಸ್ಕ್ಯಾನ್ ಮಾಡಬಹುದೇ, ಮಾಡಬಹುದಾದರೆ ಆ ಸೂಚನಾಪತ್ರ ರೋಗಿಯ ಕೈಯಲ್ಲಿ ಇರುತ್ತದೆಯೇ? ತೊಂದರೆಯಾದರೆ ಹೊರತೆಗೆಯುವುದು ಸಾಧ್ಯವೇ, ಅದರ ಖರ್ಚು ಯಾರದು? ಹೊಸ ಮಾದರಿ ಬಂದಾಗ ಹಳೆಯದನ್ನು ಹೊಂದಿರುವವರ ಗತಿಯೇನು? ಈ ಪ್ರಶ್ನೆಗಳನ್ನು ಕೇಳಿದಾಗ ಶಸ್ತ್ರಚಿಕಿತ್ಸಕರಿಗೆ ಮುಜುಗರವಾದರೆ ಆಗಲಿ. ಕಣ್ಣು ರೋಗಿಯದು.

ಅಣ್ಣನವರಿಗೆ ವಂಶವಾಹಿ ಪರೀಕ್ಷೆ ಮಾಡಿಸಿ, ವರದಿಯನ್ನು ಜೋಪಾನವಾಗಿಡಿ. ತಾಯಿಯವರ ಅಕ್ಷಿಪಟಲದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿನ ಪ್ರತಿಯನ್ನೂ ಎರಡೂ ಕಣ್ಣಿನ ದೃಷ್ಟಿಯ ಅಳತೆಯನ್ನೂ ಪಡೆದುಕೊಂಡು, ಸವೆತ ಒಣ ಬಗೆಯದೇ ಎಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಒಣ ಬಗೆ ಯಾವಾಗ ಬೇಕಾದರೂ ಒದ್ದೆ ಬಗೆಗೆ ತಿರುಗಬಹುದು. ಬಾಗಿಲ ಚೌಕಟ್ಟು, ಕಿಟಕಿಯ ಸರಳುಗಳಂಥ ನೇರ ಗೆರೆಗಳು ಡೊಂಕಾಗಿ ಕಾಣುತ್ತಿವೆ ಎಂದು ತಾಯಿಯವರು ಎಂದಾದರೂ ಹೇಳಿದರೆ, ಅಥವಾ ನಡುವಿನ ಮಸುಕು ಇದ್ದಕ್ಕಿದ್ದಂತೆ ಹೆಚ್ಚಾದರೆ, ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಕೂಡಲೇ ಅಕ್ಷಿಪಟಲ ತಜ್ಞರಲ್ಲಿಗೆ ಕರೆದೊಯ್ಯಿರಿ. ಆ ಹಂತದಲ್ಲಿ ತಡಮಾಡದೆ ಕೊಡುವ ಚುಚ್ಚುಮದ್ದು, ಉಳಿದಿರುವ ದೃಷ್ಟಿಯನ್ನು ಕಾಪಾಡಬಲ್ಲದು.